ಕರ್ನಾಟಕದ ಮುಂದಿನ ವಿಧಾನಸಭೆ ಚುನಾವಣೆಗೆ ಮತದಾರರು ಏನು ತಿಳಿದಿರಬೇಕು?

ಚುನಾವಣೆ ಯಾವಾಗ, ಮೊದಲ ಸಲ ವೋಟು ಹಾಕುವವರು ಈಗಲೇ ಏನು ಮಾಡಬೇಕು ಅಂತ ಕೇಳಿದ್ದೀರಿ.

ಕಳೆದ ಸಲ 2023ರ ಮೇ 10ರಂದು ಮತದಾನ ನಡೆಯಿತು. 224 ಸ್ಥಾನಗಳಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19 ಗೆದ್ದವು. ಬಹುಮತಕ್ಕೆ 113 ಸಾಕು. ಈ ಸದನದ ಅವಧಿ 2028ರ ಮೇ ತಿಂಗಳವರೆಗೆ ಇದೆ. ನಡುವೆ ವಿಸರ್ಜನೆ ಆಗದಿದ್ದರೆ ಆ ಹೊತ್ತಿಗೆ ಚುನಾವಣೆ.

ಜಾಸ್ತಿ ಜನ ಎಡವುವುದು ಮತದಾರರ ಪಟ್ಟಿಯಲ್ಲಿ. ಕೈಯಲ್ಲಿ ವೋಟರ್ ಐಡಿ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವೋಟು ಹಾಕಲು ಬಿಡುವುದಿಲ್ಲ. ಐಡಿ ಮನೆಯಲ್ಲೇ ಮರೆತರೆ ಆಧಾರ್, ಪಾಸ್‌ಪೋರ್ಟ್‌ನಂಥ ದಾಖಲೆ ನಡೆಯುತ್ತದೆ. ಪಟ್ಟಿಯಲ್ಲಿರುವ ಹೆಸರಿಗೆ ಮಾತ್ರ ಬದಲಿ ಇಲ್ಲ. ಹೊಸಬರು ಫಾರ್ಮ್ 6 ತುಂಬಬೇಕು. 17 ತುಂಬಿದವರೂ ಮುಂಗಡವಾಗಿ ಅರ್ಜಿ ಹಾಕಬಹುದು. ಮನೆ ಬದಲಾಯಿಸಿದ್ದರೆ ಫಾರ್ಮ್ 8. ಬೆಂಗಳೂರಿನಂಥ ಊರಲ್ಲಿ ಬಾಡಿಗೆ ಮನೆ ಬದಲಿಸುತ್ತಲೇ ಇರುವವರು ಇದನ್ನು ದಯವಿಟ್ಟು ಮುಂದೂಡಬೇಡಿ. ಅನುಮಾನ ಇದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ.

ಮತಗಟ್ಟೆಯಲ್ಲಿ ಬಟನ್ ಒತ್ತಿದ ಕೂಡಲೇ ಹೊರಟುಬಿಡಬೇಡಿ. ವೋಟು ಯಾರಿಗೆ ಬಿತ್ತು ಅಂತ ಚೀಟಿಯಲ್ಲಿ ತೋರಿಸುವ ಯಂತ್ರ ಪಕ್ಕದಲ್ಲಿರುತ್ತದೆ, ಅದೇ ವಿವಿಪ್ಯಾಟ್. ಅದರ ಕಿಟಕಿಯಲ್ಲಿ ಅಭ್ಯರ್ಥಿಯ ಹೆಸರು, ಕ್ರಮಸಂಖ್ಯೆ, ಚಿಹ್ನೆ ಇರುವ ಚೀಟಿ 7 ಸೆಕೆಂಡು ಕಾಣುತ್ತದೆ. ತಪ್ಪು ಕಂಡರೆ ಅಲ್ಲೇ ಮತಗಟ್ಟೆ ಅಧಿಕಾರಿಗೆ ಹೇಳಿ.