ಕಿಶಿನೌದಲ್ಲಿ ಕೊಜೊನಾಕ್ ಮಾಡಲು ಹೊರಟ ತಂಗಿಗೆ

ತಂಗಿ, ನೀನು ಎರಡು ಪ್ರಶ್ನೆ ಕೇಳಿದ್ದೀಯ. ಮೊಲ್ಡೋವಾದ ರಾಜಧಾನಿ ಕಿಶಿನೌಗೆ ಬಂದು ಮೂರು ತಿಂಗಳಾದರೂ ಯಾರ ಪರಿಚಯವೂ ಆಗಿಲ್ಲ, ಇಲ್ಲಿನವರ ಜೊತೆ ಬೆರೆಯೋದು ಹೇಗೆ ಅಂತ ಒಂದು. ಪಕ್ಕದ ಮನೆಯ ಅಜ್ಜಿ ಕೊಟ್ಟ ಸಿಹಿ ಬ್ರೆಡ್ಡನ್ನು ನೀನೇ ಮಾಡಲು ಹೋದರೆ ಇಟ್ಟಿಗೆಯಂತಾಯಿತು, ಯಾಕೆ ಅಂತ ಇನ್ನೊಂದು. ನಾನು ಇಲ್ಲಿಗೆ ಬಂದು 14 ವರ್ಷವಾಯಿತು. ಬ್ರೆಡ್ಡಿನ ವಿಷಯ ಮೊದಲು ಹೇಳುತ್ತೇನೆ.

ಅದು ಕೊಜೊನಾಕ್. ಈಸ್ಟರ್‌ಗೂ ಕ್ರಿಸ್‌ಮಸ್‌ಗೂ ಮೊಲ್ಡೋವಾದ ಮನೆಗಳಲ್ಲಿ ಇದನ್ನು ಮಾಡುತ್ತಾರೆ. ಈಸ್ಟರ್‌ಗೆ ಮುಂಚಿನ ಏಳು ವಾರ ವ್ರತ ಹಿಡಿದವರು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಮುಟ್ಟುವುದಿಲ್ಲ. ಅದಕ್ಕೇ ಹಬ್ಬದ ಬ್ರೆಡ್ಡಿಗೆ ಮೊಟ್ಟೆ, ಬೆಣ್ಣೆ ಧಾರಾಳವಾಗಿ ಬೀಳುತ್ತೆ. ಅಂದ ಹಾಗೆ, ನೀನು ಮಾಂಸ ತಿನ್ನಲ್ಲ ಅಂದಿದ್ದೀಯಲ್ವಾ? ವ್ರತದ ದಿನಗಳಲ್ಲಿ ಅಂಗಡಿ, ಹೋಟೆಲುಗಳಲ್ಲಿ ‘ದೆ ಪೋಸ್ಟ್’ ಅಂತ ಕೇಳು. ವ್ರತದ ಅಡುಗೆ ಅಂತ ಅರ್ಥ. ಮೀನಿದೆಯಾ ಅಂತ ಮಾತ್ರ ವಿಚಾರಿಸಿಕೋ.

ಅರ್ಧ ಕಿಲೋ ಮೈದಾಕ್ಕೆ ಐದು ಮೊಟ್ಟೆಯ ಹಳದಿ, 150 ಗ್ರಾಂ ಸಕ್ಕರೆ, 100 ಗ್ರಾಂ ಬೆಣ್ಣೆ, 25 ಗ್ರಾಂ ಹಸಿ ಈಸ್ಟ್, ಕಾಲು ಲೀಟರಿಗೆ ಸ್ವಲ್ಪ ಕಡಿಮೆ ಹಾಲು. ಜೊತೆಗೆ ನಿಂಬೆ ಮತ್ತು ಕಿತ್ತಳೆ ಸಿಪ್ಪೆಯ ತುರಿ. ಮೊದಲು ಈಸ್ಟ್, ಸ್ವಲ್ಪ ಹಾಲು, ಒಂದು ಹಿಡಿ ಮೈದಾ ಕಲಸಿ ಇಡಬೇಕು. ಅದಕ್ಕೆ ಇಲ್ಲಿ ‘ಮಾಯಾ’ ಅನ್ನುತ್ತಾರೆ. ಅದು ನೊರೆನೊರೆಯಾಗಿ ಉಬ್ಬದಿದ್ದರೆ ಮುಂದೆ ಹೋಗಬೇಡ. ನೀನು ಹಾಲನ್ನು ಕುದಿಸಿ ಬಿಸಿಬಿಸಿಯೇ ಹಾಕಿದೆ ಅಂತ ಬರೆದಿದ್ದೀಯ. ಈಸ್ಟ್ ಸತ್ತಿದ್ದು ಅಲ್ಲೇ. ಬೆರಳಿಟ್ಟರೆ ಹಿತವಾದ ಬಿಸಿ ಇದ್ದರೆ ಸಾಕು.

ಆಮೇಲೆ ಮಿಕ್ಕಿದ್ದನ್ನೆಲ್ಲ ಸೇರಿಸಿ ನಾದುವುದು. ಹೋಳಿಗೆಯ ಕಣಕಕ್ಕೆ ಎಣ್ಣೆ ಹಾಕಿ ಹಾಕಿ ನಾದುತ್ತೇವಲ್ಲ, ಹಾಗೇ. ನಮ್ಮ ಮಹಡಿಯ ಅಜ್ಜಿ ಕರಗಿದ ಬೆಣ್ಣೆಯಲ್ಲಿ ಬೆರಳದ್ದಿ, ಹಿಟ್ಟನ್ನು ಅಂಚಿನಿಂದ ಎಳೆದು ಮಧ್ಯಕ್ಕೆ ಮಡಚುತ್ತಿದ್ದರು. ಅರ್ಧ ಗಂಟೆ ಕೈ ನಿಲ್ಲುತ್ತಿರಲಿಲ್ಲ. ಕೊನೆಗೆ ಹಿಟ್ಟು ಬೋಗುಣಿಯ ತಳ ಬಿಟ್ಟು ಕೈಯಿಂದ ಕಳಚಿಕೊಳ್ಳುತ್ತಿತ್ತು. ಹಿಟ್ಟು ಉಬ್ಬುವಾಗ ಅಡುಗೆಮನೆಯ ಕಿಟಕಿ ತೆರೆಯಲು ಯಾರನ್ನೂ ಬಿಡುತ್ತಿರಲಿಲ್ಲ. ತಣ್ಣನೆ ಗಾಳಿ ಹೊಡೆದರೆ ಕೊಜೊನಾಕ್ ಕೂರುತ್ತೆ ಅನ್ನುತ್ತಿದ್ದರು.

ಮಿಕ್ಕ ಬಿಳಿಯಲ್ಲಿ ಮೂರು ಮೊಟ್ಟೆಯಷ್ಟನ್ನು ಸಕ್ಕರೆ ಜೊತೆ ನೊರೆ ಬರುವಂತೆ ಕಡೆದು, 200 ಗ್ರಾಂ ಅಕ್ರೋಟು ಪುಡಿ, ಎರಡು ಚಮಚ ಕೋಕೋ ಸೇರಿಸು. ಅಕ್ರೋಟನ್ನು ಪಿಯಾತ್ಸಾ ಚೆಂಟ್ರಾಲಾ ಮಾರುಕಟ್ಟೆಯಲ್ಲಿ ತಗೋ, ರುಚಿ ನೋಡಿ ಕೊಳ್ಳಬಹುದು. ಉಬ್ಬಿದ ಹಿಟ್ಟನ್ನು ಎರಡು ಭಾಗ ಮಾಡಿ ಲಟ್ಟಿಸಿ, ಈ ಹೂರಣ ಹರಡಿ, ಸುತ್ತು. ಎರಡು ಸುರುಳಿಗಳನ್ನು ಜಡೆಯಂತೆ ಹೆಣೆದು ಟಿನ್ನಿನಲ್ಲಿಟ್ಟು ಮತ್ತೆ ಉಬ್ಬಲು ಬಿಡು. ಆಮೇಲೆ ಓವನ್ನಿನಲ್ಲಿ 170 ಡಿಗ್ರಿಯಲ್ಲಿ ಸುಮಾರು 45 ನಿಮಿಷ.

ಈಗ ನಿನ್ನ ಮೊದಲ ಪ್ರಶ್ನೆ. ಇಲ್ಲಿ ಮೆಟ್ಟಿಲಲ್ಲಿ ಎದುರಾದವರು ಸುಮ್ನೆ ನಗುವುದಿಲ್ಲ. ನಾನೂ ಮೊದಲ ವರ್ಷ ಅದನ್ನು ಕೋಪ ಅಂದುಕೊಂಡು ಒಬ್ಬಳೇ ಕೂತು ಅತ್ತಿದ್ದೆ. ಒಂದು ದಿನ ಕೆಟ್ಟುಹೋದ ಹಿಟ್ಟಿನ ಬೋಗುಣಿ ಹಿಡಿದು ಆ ಅಜ್ಜಿಯ ಬಾಗಿಲು ತಟ್ಟಿದೆ. ಇಲ್ಲಿನ ಭಾಷೆ ರೊಮೇನಿಯನ್, ನನಗೆ ಬರುತ್ತಿದ್ದದ್ದು ಅದರ ನಾಲ್ಕೇ ಪದ. ಅವರು ಹಿಟ್ಟು ಮುಟ್ಟಿ ನೋಡಿ, ಮಾತಿಲ್ಲದೆ ಏಪ್ರನ್ ತಂದು ನನ್ನ ಸೊಂಟಕ್ಕೆ ಕಟ್ಟಿದರು. ಭಾಷೆ ಕಲಿತದ್ದು ಆ ಅಡುಗೆಮನೆಯಲ್ಲೇ.

ನೀನೂ ನಿನ್ನ ಅಜ್ಜಿಯ ಹತ್ತಿರ ಹೋಗು. ಇಟ್ಟಿಗೆಯಂತಾದ ಆ ತುಂಡನ್ನೇ ತಗೊಂಡು ಹೋಗಿ ತೋರಿಸು. ಚೆನ್ನಾಗಿ ಬಂದ ದಿನ ಟಿನ್ನಿನಿಂದ ತೆಗೆದು ಬಟ್ಟೆಯ ಮೇಲೆ ಮಗ್ಗುಲಾಗಿ ಮಲಗಿಸು, ಇಲ್ಲದಿದ್ದರೆ ತನ್ನ ಭಾರಕ್ಕೇ ಕುಸಿಯುತ್ತೆ. ಪೂರ್ತಿ ಆರಿದ ಮೇಲೆ ಕತ್ತರಿಸು.