ಕೊಂಬು ಒಂದೇ, ಕುಲ ಬೇರೆ

ಪ್ರಶ್ನೆ: ಕಣ್ಣಿನ ಮೇಲೆ ಕೊಂಬಿರುವ ಗಿಲಕಿ ಹಾವೊಂದು (ರ‍್ಯಾಟಲ್‌ಸ್ನೇಕ್) ಅಮೆರಿಕದ ಮರುಭೂಮಿಯಲ್ಲಿ ಅಡ್ಡಡ್ಡಲಾಗಿ ಸಾಗುವುದನ್ನು ಸಾಕ್ಷ್ಯಚಿತ್ರದಲ್ಲಿ ನೋಡಿದೆ. ಸಹಾರಾದ ಕೊಂಬಿನ ಹಾವೂ ಹೀಗೆಯೇ ಚಲಿಸುತ್ತದೆ. ಎರಡರ ಹೆಸರಿನಲ್ಲಿಯೂ 'ಸೆರಾಸ್ಟಿಸ್' ಎಂಬ ಪದವಿದೆ. ಇವೆರಡೂ ಒಂದೇ ಬಳಗದವೇ?

ಉತ್ತರ: ಎರಡೂ ವೈಪರಿಡೇ, ಅಂದರೆ ಮಂಡಲ ಹಾವುಗಳ ಕುಟುಂಬಕ್ಕೆ ಸೇರಿವೆ ಎಂಬಷ್ಟಕ್ಕೇ ಅವುಗಳ ನಂಟು ಮುಗಿಯುತ್ತದೆ. ನೀವು ನೋಡಿದ್ದು 'ಸೈಡ್‌ವೈಂಡರ್'. ಅದರ ಶಾಸ್ತ್ರೀಯ ಹೆಸರು ಕ್ರೋಟಲಸ್ ಸೆರಾಸ್ಟಿಸ್. 1854ರಲ್ಲಿ ಇದನ್ನು ವಿವರಿಸಿದ ಎಡ್ವರ್ಡ್ ಹ್ಯಾಲೊವೆಲ್ ಅದರ ಕೊಂಬನ್ನೇ ಹೆಸರಿಗೆ ಆರಿಸಿಕೊಂಡ. ಗ್ರೀಕ್ ಭಾಷೆಯಲ್ಲಿ 'ಕೆರಾಸ್' ಎಂದರೆ ಕೊಂಬು. ಸಹಾರಾದ ಹಾವಿಗೆ ಅದೇ ಪದ ಕುಲದ ಹೆಸರಾಗಿಯೂ ಪ್ರಭೇದದ ಹೆಸರಾಗಿಯೂ ಅದಕ್ಕೂ ಮೊದಲೇ ಸಂದಿತ್ತು. ಗೊಂದಲ ಹುಟ್ಟಿದ್ದು ಹೆಸರಿನಿಂದ, ಹಾವುಗಳಿಂದಲ್ಲ.

ವರ್ಗೀಕರಣಕ್ಕೆ ಕೊಂಬಿಗಿಂತ ಮುಖ್ಯವಾದುದು ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವಿನ ಸಣ್ಣ ಕುಳಿ. ಇಲಿಯಂಥ ಬಿಸಿರಕ್ತದ ಪ್ರಾಣಿಯ ಮೈಶಾಖವನ್ನು ಕತ್ತಲಲ್ಲಿಯೂ ಗುರುತಿಸಬಲ್ಲ ಈ ಕುಳಿ ಇರುವುದರಿಂದ ಸೈಡ್‌ವೈಂಡರ್ ಕ್ರೋಟಲಿನೇ ಉಪಕುಟುಂಬದಲ್ಲಿಯೂ, ಬಾಲದಲ್ಲಿ ಗಿಲಕಿ ಇರುವುದರಿಂದ ಅದರೊಳಗಿನ ಗಿಲಕಿ ಹಾವುಗಳ ಗುಂಪಿನಲ್ಲಿಯೂ ನಿಲ್ಲುತ್ತದೆ. ಸಹಾರಾದ ಹಾವಿಗೆ ಕುಳಿಯೂ ಇಲ್ಲ, ಗಿಲಕಿಯೂ ಇಲ್ಲ. ಬೆದರಿದಾಗ ಅದು ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಸದ್ದು ಮಾಡುತ್ತದೆ. ಅದು ಮೊಟ್ಟೆಯಿಡುತ್ತದೆ, ಸೈಡ್‌ವೈಂಡರ್ ಮರಿ ಹಾಕುತ್ತದೆ.

ಸೈಡ್‌ವೈಂಡರ್‌ನ ನೆಲೆ ಅಮೆರಿಕದ ಕ್ಯಾಲಿಫೋರ್ನಿಯ, ನೆವಾಡ, ಯೂಟಾ, ಅರಿಝೋನಾಗಳ ಮರುಭೂಮಿಗಳು ಮತ್ತು ಮೆಕ್ಸಿಕೊದ ವಾಯವ್ಯ ಭಾಗ. ಹುರುಪೆಗಳ ಎಣಿಕೆ, ಗಿಲಕಿಯ ಬುಡದ ಬಣ್ಣ ಇತ್ಯಾದಿಗಳ ಆಧಾರದ ಮೇಲೆ ಮೂರು ಉಪಪ್ರಭೇದಗಳನ್ನು ಹೇಳುವ ರೂಢಿಯಿದೆ. ದೊಡ್ಡ ಹಾವೇನೂ ಅಲ್ಲ, ಉದ್ದ 80 ಸೆಂ.ಮೀ. ಮುಟ್ಟಿದರೆ ಹೆಚ್ಚು. ಗಿಲಕಿ ಹಾವುಗಳಲ್ಲಿ ಸಾಮಾನ್ಯವಾಗಿ ಗಂಡೇ ದೊಡ್ಡದು. ಇದರಲ್ಲಿ ಮಾತ್ರ ಹೆಣ್ಣು ದೊಡ್ಡದು.

ಅಡ್ಡ ನಡಿಗೆಯ ಗುಟ್ಟು ಮರಳಿನಲ್ಲಿಯೇ ಬರೆದಿರುತ್ತದೆ. ಹಾವು ಹಾದುಹೋದ ಕಡೆ ಎಳೆದ ಗೆರೆ ಸಿಗುವುದಿಲ್ಲ. ತುದಿಯಲ್ಲಿ ಕೊಕ್ಕೆಯಂತೆ ಬಾಗಿದ, ಒಂದಕ್ಕೊಂದು ತಾಗದ ಓರೆ ಗೀರುಗಳ ಸಾಲು ಸಿಗುತ್ತದೆ. ಮೈಯ ಒಂದೆರಡು ಭಾಗಗಳಷ್ಟೇ ನೆಲವನ್ನು ಒತ್ತಿ ನಿಂತು, ಉಳಿದ ಭಾಗ ಮೇಲೆದ್ದು ಮುಂದಕ್ಕೆ ಬೀಳುವುದರಿಂದ ಸಡಿಲ ಮರಳು ಜಾರುವುದಿಲ್ಲ. ಮರಳಿನ ಏರಿನಲ್ಲಿ ಹಾವು ನೆಲಕ್ಕೆ ತಾಗುವ ಮೈಯ ಉದ್ದವನ್ನು ಹೆಚ್ಚಿಸಿಕೊಳ್ಳುತ್ತದೆ ಎಂಬುದನ್ನು 2014ರಲ್ಲಿ ಅಮೆರಿಕದ ಜಾರ್ಜಿಯ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. 2021ರಲ್ಲಿ ಹೊರಬಂದ ಇನ್ನೊಂದು ಅಧ್ಯಯನ ಕಳಚಿದ ಪೊರೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿತು. ನೇರವಾಗಿ ಸಾಗುವ ಹಾವುಗಳ ಹೊಟ್ಟೆಯ ಹುರುಪೆಗಳಲ್ಲಿ ಹಿಂದಕ್ಕೆ ಬಾಗಿದ ಅತಿಸಣ್ಣ ಮುಳ್ಳುಗಳಿರುತ್ತವೆ. ಆಫ್ರಿಕದ ಅಡ್ಡನಡಿಗೆಯ ಹಾವುಗಳಲ್ಲಿ ಅವು ಇಲ್ಲವೇ ಇಲ್ಲ, ಬದಲಿಗೆ ಸಣ್ಣ ಗುಣಿಗಳಿವೆ. ಸೈಡ್‌ವೈಂಡರ್‌ನಲ್ಲಿ ಗುಣಿಗಳ ಜೊತೆಗೆ ಕೆಲವು ಮೊಂಡು ಮುಳ್ಳುಗಳೂ ಉಳಿದಿವೆ. ಅಮೆರಿಕದ ಮರುಭೂಮಿಗಳು ತೀರ ಈಚಿನವಾದ್ದರಿಂದ ಮಾರ್ಪಾಡು ಇನ್ನೂ ಮುಗಿದಿಲ್ಲವೆಂಬುದು ಸಂಶೋಧಕರ ಊಹೆ. ಊಹೆಯೇ ಆದರೂ ನನಗೆ ಒಪ್ಪಿಗೆಯಾಗುವಂಥದು, ಏಕೆಂದರೆ ಎರಡು ಬಳಗಗಳು ಬೇರೆಬೇರೆಯಾಗಿ ಹೊರಟು ಒಂದೇ ನಡಿಗೆಗೆ ಬಂದು ಸೇರಿದವೆಂಬುದಕ್ಕೆ ಅದು ಹೊಂದುತ್ತದೆ.

ಪ್ರಶ್ನೆ: ಗಿಲಕಿಯ ಉಂಗುರಗಳನ್ನು ಎಣಿಸಿ ಈ ಹಾವಿನ ವಯಸ್ಸು ಹೇಳಬಹುದೇ?

ಉತ್ತರ: ಹೇಳಲಾಗದು. ಪೊರೆ ಬಿಟ್ಟಾಗಲೆಲ್ಲ ಒಂದು ಉಂಗುರ ಸೇರುತ್ತದೆ, ಪೊರೆ ಬಿಡುವುದು ವರ್ಷಕ್ಕೊಮ್ಮೆ ಮಾತ್ರವಲ್ಲ. ಮೇಲಾಗಿ, ನಮ್ಮ ಉಗುರಿನಂತೆಯೇ ಕೆರಾಟಿನ್‌ನಿಂದಾದ ಈ ಉಂಗುರಗಳು ತುದಿಯಿಂದ ಮುರಿದು ಬೀಳುತ್ತಲೂ ಇರುತ್ತವೆ. ಹುಟ್ಟಿದ ಮರಿಯ ಬಾಲದಲ್ಲಿ ಅಂಗಿಯ ಗುಂಡಿಯಂಥ ಒಂದೇ ಒಂದು ತುಣುಕಿರುತ್ತದೆ. ಅದಕ್ಕೆ ಬಡಿದುಕೊಳ್ಳಲು ಇನ್ನೊಂದಿಲ್ಲದ ಕಾರಣ ಸದ್ದೂ ಬರುವುದಿಲ್ಲ. ಆದರೂ ಮರಿಗೆ ಆ ಬಾಲದಿಂದ ಉಪಯೋಗವಿದೆ: ಮರಳಿನಲ್ಲಿ ಮೈ ಹುದುಗಿಸಿಕೊಂಡು ಬಾಲದ ತುದಿಯನ್ನಷ್ಟೇ ಹುಳುವಿನಂತೆ ಕೊಂಕಿಸುತ್ತದೆ, ಅದನ್ನು ಹಿಡಿಯಲು ಬಂದ ಹಲ್ಲಿ ತಾನೇ ಆಹಾರವಾಗುತ್ತದೆ.