ನಿಮ್ಮ ಲೇಖನ ಇರುವುದು ಒಂಬತ್ತನೇ ಪುಟದಲ್ಲಿ

ನಮಸ್ಕಾರ ಮೇಡಂ,

‘ನಾಯಕತ್ವ ಶೈಲಿಯನ್ನು ಕಂಡುಕೊಳ್ಳಲು ಒಂದು ಆನ್‌ಲೈನ್ ಪಾಠ’ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ‘ಪ್ರಕಟಿಸಲು ಸಾಧ್ಯವಾಗಿಲ್ಲ, ಕ್ಷಮಿಸಿ’ ಎಂದು ಒಂದು ಸಾಲು ಬರೆದು ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದು ಎಲ್ಲಿದೆ, ಯಾಕೆ ಕಾಣಿಸುತ್ತಿಲ್ಲ ಅನ್ನುವುದನ್ನು ನೇರವಾಗಿಯೇ ಹೇಳುತ್ತೇನೆ.

ಹದಿನಾಲ್ಕು ಪುಟ ಬರೆದಿದ್ದೀರಿ. ಮೊದಲ ನಾಲ್ಕು ಪುಟ ನಾಯಕತ್ವ ಎಂದರೇನು ಅನ್ನುವ ವ್ಯಾಖ್ಯಾನಗಳಿಗೇ ಹೋಗಿವೆ. ಆಮೇಲೆ ಒಂದು ದೊಡ್ಡ ಕೋಷ್ಟಕ. ಅದರ ಹಿಂದೆಯೇ ಗೂಗಲ್ ಫಾರ್ಮ್‌ನ ಇಪ್ಪತ್ತು ಪ್ರಶ್ನೆಗಳು. ಉತ್ತರಗಳ ಅಂಕ ಕೂಡಿಸಿದರೆ ವಿದ್ಯಾರ್ಥಿ ಸರ್ವಾಧಿಕಾರಿ ನಾಯಕನೋ, ಪ್ರಜಾಸತ್ತಾತ್ಮಕ ನಾಯಕನೋ, ಇಲ್ಲಾ ಎಲ್ಲವನ್ನೂ ತಂಡಕ್ಕೇ ಬಿಟ್ಟುಬಿಡುವ ನಾಯಕನೋ ಅಂತ ಗೊತ್ತಾಗುತ್ತದೆ. ಎನ್‌ಎಸ್‌ಎಸ್ ಶಿಬಿರದ ಒಂದು ದಿನದ ಕೆಲಸವನ್ನು ನಾಲ್ಕು ಜನರ ತಂಡಗಳು ಸೇರಿ ಯೋಜಿಸಬೇಕಿದ್ದ ಚಟುವಟಿಕೆಗೆ ಸಿಕ್ಕಿರುವುದು ಒಂದೇ ಪ್ಯಾರಾ. ಕೊನೆಗೆ ಪಾಠ ಇಷ್ಟವಾಯಿತೇ ಎಂಬ ಪ್ರಶ್ನೆ, ಬಹುತೇಕ ಎಲ್ಲರೂ ಹೌದು ಎಂದರು ಎಂಬ ಉತ್ತರ.

ಆ ಒಂದು ಪ್ಯಾರಾ ಒಂಬತ್ತನೇ ಪುಟದಲ್ಲಿದೆ. ಅದರಲ್ಲಿ ನೀವು ಹೀಗೆ ಬರೆದಿದ್ದೀರಿ: ‘ಗೂಗಲ್ ಮೀಟ್‌ನಲ್ಲಿ ಒಮ್ಮೆಯೂ ಮಾತಾಡದ ಒಬ್ಬ ವಿದ್ಯಾರ್ಥಿನಿ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಯಾರು ಯಾವ ಕೆಲಸ ಮಾಡಬೇಕು ಎಂದು ಪಟ್ಟಿ ಹಾಕಿದಳು. ಉಳಿದವರು ಅದನ್ನೇ ಒಪ್ಪಿಕೊಂಡರು. ಆಕೆಯ ಪ್ರಶ್ನಾವಳಿಯ ಫಲಿತಾಂಶ: ಬಿಟ್ಟುಬಿಡುವ ನಾಯಕತ್ವ.’

ಇಷ್ಟು ಬರೆದು ನೀವು ‘ಆನ್‌ಲೈನ್ ಕಲಿಕೆಯ ಪ್ರಯೋಜನಗಳು’ ಎಂಬ ಉಪಶೀರ್ಷಿಕೆಗೆ ಹೋಗಿಬಿಟ್ಟಿದ್ದೀರಿ. ಮೇಡಂ, ಅಲ್ಲಿಯೇ ನಿಲ್ಲಬೇಕಿತ್ತು. ನಿಮ್ಮ ಫಾರ್ಮ್ ಒಂದು ಹೇಳಿತು, ಹುಡುಗಿ ಮಾಡಿದ್ದು ಇನ್ನೊಂದು. ಪಾಠ ರೂಪಿಸುವ ಯಾವುದೇ ಮೇಷ್ಟ್ರಿಗೆ ಇದಕ್ಕಿಂತ ಮುಖ್ಯವಾದ ವಿಷಯ ಇನ್ನೇನಿದೆ?

ಪ್ರಶ್ನಾವಳಿಯ ವಿಷಯಕ್ಕೆ ಬರೋಣ. ‘ನಿರ್ಧಾರ ಮಾಡುವ ಮುನ್ನ ತಂಡದ ಅಭಿಪ್ರಾಯ ಕೇಳುತ್ತೇನೆ: ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ.’ ಇದು ನಿಮ್ಮ ಮೂರನೇ ಪ್ರಶ್ನೆ. ಫಾರ್ಮ್‌ನ ಮೇಲ್ಗಡೆ ಹೆಸರು, ರಿಜಿಸ್ಟರ್ ನಂಬರ್ ಕೇಳಿದ್ದೀರಿ. ಉತ್ತರ ನೋಡುವವರು ಇಂಟರ್ನಲ್ ಮಾರ್ಕ್ಸ್ ಕೊಡುವ ನೀವೇ. ‘ಎಂದೂ ಇಲ್ಲ’ ಅಂತ ಯಾವ ವಿದ್ಯಾರ್ಥಿ ಒತ್ತುತ್ತಾನೆ? ತಾನು ಏನು ಮಾಡುತ್ತೇನೆ ಅನ್ನುವುದನ್ನಲ್ಲ, ಮೇಡಂಗೆ ಯಾವುದು ಸರಿ ಕಾಣುತ್ತದೆ ಅನ್ನುವುದನ್ನು ಅವನು ಬರೆಯುತ್ತಾನೆ. ಮೋಸ ಮಾಡಬೇಕೆಂದಲ್ಲ. ಹತ್ತೊಂಬತ್ತು ವರ್ಷದ ಹುಡುಗ ತಂಡ ನಡೆಸಿರುವುದೇ ಕಡಿಮೆ ಇರುವಾಗ, ತನ್ನ ಬಗ್ಗೆ ಅವನಿಗೆ ಗೊತ್ತಿರುವುದೂ ಅಷ್ಟೇ.

‘ಫಲಿತಾಂಶ ತಮಗೆ ಸರಿಯಾಗಿ ಹೊಂದುತ್ತದೆ ಎಂದು ವಿದ್ಯಾರ್ಥಿಗಳು ಹೇಳಿದ್ದಾರೆ’ ಎನ್ನುವುದನ್ನು ಪಾಠ ಗೆದ್ದಿದ್ದಕ್ಕೆ ಸಾಕ್ಷಿಯಾಗಿ ಕೊಟ್ಟಿದ್ದೀರಿ. ಅದು ಸಾಕ್ಷಿಯಾಗುವುದಿಲ್ಲ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ ತರಗತಿಯ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟ. ಆಮೇಲೆ ಪ್ರತಿಯೊಬ್ಬರಿಗೂ ‘ಇದು ನಿಮ್ಮ ಫಲಿತಾಂಶ’ ಎಂದು ಒಂದೊಂದು ಹಾಳೆ ಹಂಚಿದ. ಎಲ್ಲ ಹಾಳೆಗಳಲ್ಲೂ ಇದ್ದದ್ದು ಒಂದೇ ಬರಹ. ಹೆಚ್ಚಿನ ವಾಕ್ಯಗಳನ್ನು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದ. ಇದು ನಿಮಗೆ ಎಷ್ಟು ಹೊಂದುತ್ತದೆ ಎಂದು ಕೇಳಿದಾಗ ವಿದ್ಯಾರ್ಥಿಗಳು ಐದಕ್ಕೆ ಸರಾಸರಿ ಸುಮಾರು 4.3 ಅಂಕ ಕೊಟ್ಟರು. ‘ನೀವು ಎಲ್ಲರ ಮಾತು ಕೇಳುವವರು, ಆದರೆ ಬೇಕಾದಾಗ ಗಟ್ಟಿಯಾಗಿ ನಿಲ್ಲುವವರು’ ಎಂದು ನಿಮ್ಮ ಫಾರ್ಮ್ ಹೇಳಿದರೆ ಯಾರು ತಾನೆ ಅಲ್ಲ ಅಂತಾರೆ?

ಈಗ ಆ ಕೋಷ್ಟಕ. ಕರ್ಟ್ ಲೆವಿನ್, ಬ್ಲೇಕ್ ಮತ್ತು ಮೌಟನ್, ಬರ್ನ್ಸ್, ಗೋಲ್ಮನ್ ಹೀಗೆ ನಾಯಕತ್ವದ ಬಗ್ಗೆ ಬರೆದವರೆಲ್ಲರನ್ನೂ ಒಂದೇ ಕಡೆ ತುಂಬಿದ್ದೀರಿ. ಪರೀಕ್ಷೆಗೆ ಓದುವವರಿಗೆ ಅನುಕೂಲ, ನಮ್ಮ ಓದುಗರಿಗೆ ಬೇಡ. ಲೆವಿನ್ ಒಬ್ಬರನ್ನು ಉಳಿಸಿಕೊಳ್ಳಿ. ನಿಮ್ಮ ಮೂರು ಶೈಲಿಗಳು ಬಂದಿರುವುದು ಅಲ್ಲಿಂದಲೇ. ಆದರೆ ‘ತಜ್ಞರ ಪ್ರಕಾರ ಮೂರು ವಿಧ’ ಎಂದು ಒಂದು ಸಾಲಿನಲ್ಲಿ ಮುಗಿಸಬೇಡಿ, ಕಥೆಯನ್ನೇ ಹೇಳಿ. ಲೆವಿನ್ ಯಹೂದಿ ಮನಶ್ಶಾಸ್ತ್ರಜ್ಞ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದವರು. ಸರ್ವಾಧಿಕಾರ ಜನರನ್ನು ಏನು ಮಾಡುತ್ತದೆ ಅನ್ನುವುದು ಅವರಿಗೆ ಪುಸ್ತಕದ ಪ್ರಶ್ನೆ ಆಗಿರಲಿಲ್ಲ. ಅಯೋವಾ ವಿಶ್ವವಿದ್ಯಾಲಯದಲ್ಲಿ ಲಿಪ್ಪಿಟ್, ವೈಟ್ ಎಂಬ ಇಬ್ಬರ ಜೊತೆ ಸೇರಿ ಹತ್ತು ವರ್ಷದ ಹುಡುಗರ ಸಣ್ಣ ಸಣ್ಣ ಕ್ಲಬ್‌ಗಳನ್ನು ಮಾಡಿದರು. ಮುಖವಾಡ ಮಾಡುವಂಥ ಕೈಕೆಲಸ. ಪ್ರತಿ ಕ್ಲಬ್‌ಗೂ ಒಬ್ಬ ದೊಡ್ಡವರು ನಾಯಕ. 1939ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಪ್ಪಣೆ ಕೊಡುವ ನಾಯಕ ಕೋಣೆಯಿಂದ ಹೊರಗೆ ಹೋದ ಕೂಡಲೇ ಹುಡುಗರು ಕೆಲಸ ಬಿಡುತ್ತಿದ್ದರು. ಜೊತೆಗೆ ಕೂತು ಚರ್ಚಿಸುವ ನಾಯಕ ಹೊರಗೆ ಹೋದರೂ ಕೆಲಸ ನಡೆಯುತ್ತಿತ್ತು.

ನಿಮ್ಮ ಲೇಖನಕ್ಕೆ ಬೇಕಾದ ಅಂಶ ಇನ್ನೊಂದಿದೆ, ಅದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆ ಪ್ರಯೋಗದಲ್ಲಿ ನಾಯಕರಾಗಿದ್ದವರು ಶೈಲಿಯನ್ನು ಬದಲಾಯಿಸುತ್ತಿದ್ದರು. ಕೆಲವು ವಾರ ಒಂದು ಕ್ಲಬ್‌ನಲ್ಲಿ ಅಪ್ಪಣೆ ಕೊಡುತ್ತಿದ್ದವರೇ ಇನ್ನೊಂದು ಕ್ಲಬ್‌ಗೆ ಹೋಗಿ ಚರ್ಚೆ ಮಾಡುವ ನಾಯಕರಾಗುತ್ತಿದ್ದರು. ಅಂದರೆ ಶೈಲಿ ಎನ್ನುವುದು ಅಲ್ಲಿ ಮಾಡುವ ಕೆಲಸ, ಕಲಿತು ಬದಲಾಯಿಸಬಹುದಾದ ನಡವಳಿಕೆ. ನಿಮ್ಮ ಫಾರ್ಮ್ ಮಾತ್ರ ಅದನ್ನು ರಕ್ತದ ಗುಂಪಿನ ಹಾಗೆ ಪತ್ತೆ ಮಾಡಿ ಚೀಟಿ ಅಂಟಿಸುತ್ತಿದೆ. ‘ಬಿಟ್ಟುಬಿಡುವ ನಾಯಕಿ’ ಅಂತ ಬರೆದ ಚೀಟಿ ಸಿಕ್ಕಿದ ಹುಡುಗಿ ಅದನ್ನು ನಂಬಿಕೊಂಡರೆ? ನನಗೆ ನಿಜವಾಗಿಯೂ ಚಿಂತೆ ಆಗಿದ್ದು ಅದರ ಬಗ್ಗೆ. ಮೀಟ್‌ನಲ್ಲಿ ಆಕೆ ಯಾಕೆ ಮಾತಾಡಲಿಲ್ಲ ಅನ್ನುವುದು ನಿಮ್ಮ ಲೇಖನದಲ್ಲಿ ಇಲ್ಲ. ನೆಟ್‌ವರ್ಕ್ ಇರಲಿಲ್ವಾ? ಮನೆಯಲ್ಲಿ ಎಲ್ಲರೂ ಕೂತಿದ್ದ ಕೋಣೆಯಿಂದಲೇ ಸೇರಿಕೊಂಡಿದ್ದಳಾ? ಆಕೆಯನ್ನೇ ಕೇಳಿ, ಕೇಳಿ ಬರೆಯಿರಿ.

ಪಾಠವನ್ನೂ ತಿದ್ದಿ ಅಂತ ಹೇಳುವ ಧೈರ್ಯ ಮಾಡುತ್ತೇನೆ. ಅದು ಸಂಪಾದಕರ ಕೆಲಸವಲ್ಲ, ಆದರೆ ಪಾಠ ಸರಿಯಾಗದೆ ಲೇಖನ ಸರಿಯಾಗುವುದಿಲ್ಲ. ಫಾರ್ಮ್ ಕೊನೆಗೆ ಇರಲಿ, ಅಥವಾ ಬೇಡವೇ ಬೇಡ. ಶಿಬಿರದ ಯೋಜನೆಯೇ ಪಾಠವಾಗಲಿ. ಈಗ ನೀವು ಎಲ್ಲ ಮಾಹಿತಿಯನ್ನೂ ಎಲ್ಲರಿಗೂ ಕೊಟ್ಟಿದ್ದೀರಿ. ಹಾಗೆ ಮಾಡಿದರೆ ಬುದ್ಧಿವಂತ ಒಬ್ಬನೇ ಕೂತು ಬರೆದು ಮುಗಿಸುತ್ತಾನೆ, ಉಳಿದ ಮೂವರು ಹೆಬ್ಬೆಟ್ಟಿನ ಚಿಹ್ನೆ ಒತ್ತುತ್ತಾರೆ. ಬದಲಿಗೆ ಹಂಚಿಕೊಡಿ. ಊರಿಗೆ ಭಾನುವಾರ ಮಧ್ಯಾಹ್ನದ ಬಸ್ ಇಲ್ಲ ಅನ್ನುವುದು ಒಬ್ಬಳಿಗೆ ಮಾತ್ರ ಗೊತ್ತಿರಲಿ. ಊಟದ ಖರ್ಚಿಗೆ ಎಷ್ಟು ದುಡ್ಡಿದೆ ಅನ್ನುವುದು ಇನ್ನೊಬ್ಬನಿಗೆ. ಇಂಗುಗುಂಡಿ ತೋಡಲು ಹಾರೆ, ಸನಿಕೆ ಎಷ್ಟಿವೆ ಅನ್ನುವುದು ಮೂರನೆಯವನಿಗೆ. ಶಾಲೆಯ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದು ನಾಲ್ಕನೆಯವಳಿಗೆ. ಎಲ್ಲರಿಗೂ ಗೊತ್ತಿರುವುದನ್ನೇ ಗುಂಪು ಜಾಸ್ತಿ ಮಾತಾಡುತ್ತದೆ, ಒಬ್ಬರಿಗಷ್ಟೇ ಗೊತ್ತಿರುವುದು ಎಷ್ಟೋ ಸಲ ಹೊರಗೆ ಬರುವುದಿಲ್ಲ ಎಂದು ಸ್ಟಾಸರ್ ಮತ್ತು ಟೈಟಸ್ ಎಂಬ ಇಬ್ಬರು ಸಂಶೋಧಕರು 1985ರಲ್ಲಿ ತೋರಿಸಿಕೊಟ್ಟಿದ್ದಾರೆ. ಹಾಗಾಗಿ ಅದನ್ನು ಹೊರಗೆ ತರುವವರು ಯಾರು ಅಂತ ನೋಡಿ. ‘ನಿನಗೇನು ಗೊತ್ತು ಹೇಳು’ ಎಂದು ಮೊದಲು ಕೇಳಿದವರು ಯಾರು? ಎಲ್ಲರೂ ಹೇಳಿದ್ದನ್ನು ಒಟ್ಟು ಮಾಡಿದವರು ಯಾರು?

ಆನ್‌ಲೈನ್ ಪಾಠದ ದೊಡ್ಡ ಅನುಕೂಲವೇ ಇದು, ಆದರೆ ನಿಮ್ಮ ‘ಪ್ರಯೋಜನಗಳು’ ಭಾಗದಲ್ಲಿ ಇದರ ಸುದ್ದಿಯೇ ಇಲ್ಲ. ತರಗತಿಯಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ವಾಟ್ಸಾಪ್‌ನಲ್ಲಿ ಆಡಿದ್ದು ಸಮಯದ ಸಮೇತ ಉಳಿಯುತ್ತದೆ. ಮಾರನೇ ದಿನ ತಂಡದವರೇ ತಮ್ಮ ಮಾತುಕತೆಯನ್ನು ತೆರೆದುಕೊಂಡು ಓದಲಿ. ಯಾವ ಸಂದೇಶದ ನಂತರ ಕೆಲಸ ಮುಂದೆ ಹೋಯಿತು, ಎಲ್ಲಿ ಸುಮ್ನೆ ನಿಂತುಹೋಯಿತು ಎಂದು ಗುರುತು ಹಾಕಲಿ. ತನ್ನ ಶೈಲಿ ಏನು ಅಂತ ವಿದ್ಯಾರ್ಥಿಗೆ ಆಗ ಕಾಣುತ್ತದೆ, ತಾನೇ ಬರೆದ ಸಾಲುಗಳಲ್ಲಿ.

ಆಮೇಲೆ ಎರಡನೇ ಕೆಲಸ ಕೊಡಿ, ಬೇರೆ ಥರದ್ದು. ಗುದ್ದಲಿಯನ್ನೇ ಹಿಡಿಯದ ಮೊದಲ ವರ್ಷದ ಹುಡುಗರಿಗೆ ಗುಂಡಿ ತೋಡಿಸಬೇಕಾದರೆ ಹೇಗೆ ಸಂದೇಶ ಬರೆಯುತ್ತೀರಿ? ಹೋದ ವರ್ಷ ಏಳು ದಿನದ ಶಿಬಿರ ಮುಗಿಸಿ ಬಂದ ಸೀನಿಯರ್‌ಗಳಿಗಾದರೆ ಹೇಗೆ? ಮೊದಲನೆಯವರಿಗೆ ಎಷ್ಟು ಅಡಿ ಆಳ, ಮಣ್ಣು ಯಾವ ಕಡೆ ಹಾಕಬೇಕು ಅಂತ ಬಿಡಿಸಿ ಹೇಳಬೇಕು. ಎರಡನೆಯವರಿಗೆ ಜಾಗ ತೋರಿಸಿದರೆ ಸಾಕು, ಜಾಸ್ತಿ ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ. ಹರ್ಸಿ ಮತ್ತು ಬ್ಲಾಂಚರ್ಡ್ ಎಂಬ ಇಬ್ಬರು ನಾಯಕತ್ವ ತಜ್ಞರು 1969ರಿಂದ ಹೇಳುತ್ತಾ ಬಂದದ್ದು ಹೆಚ್ಚುಕಡಿಮೆ ಇದನ್ನೇ. ಅವರ ಹೆಸರು ಹಾಕದಿದ್ದರೂ ನಡೆಯುತ್ತದೆ, ಆ ಎರಡು ಸಂದೇಶಗಳನ್ನು ಮಾತ್ರ ಬಿಡಬೇಡಿ.

ಭಾಷೆಯ ಬಗ್ಗೆ ಒಂದೇ ಮಾತು. ‘ವಿದ್ಯಾರ್ಥಿಗಳಲ್ಲಿ ನಾಯಕತ್ವ ಸಾಮರ್ಥ್ಯವನ್ನು ಅಭಿವೃದ್ಧಿಪಡಿಸುವ ನಿಟ್ಟಿನಲ್ಲಿ ಗುಂಪು ಚಟುವಟಿಕೆಯನ್ನು ಅನುಷ್ಠಾನಗೊಳಿಸಲಾಯಿತು’ ಎಂದು ಬರೆದಿದ್ದೀರಿ. ಮಾಡಿದ್ದು ನೀವೇ ಅಲ್ವಾ? ‘ನಾಲ್ಕು ನಾಲ್ಕು ಜನರ ತಂಡ ಮಾಡಿ ಒಂದು ಕೆಲಸ ಕೊಟ್ಟೆ’ ಎಂದು ಬರೆಯಿರಿ. ಒಂಬತ್ತನೇ ಪುಟದ ಆ ಪ್ಯಾರಾದಲ್ಲಿ ನೀವು ಹಾಗೆಯೇ ಬರೆದಿದ್ದೀರಿ, ಅದಕ್ಕೇ ಅದು ಓದಿಸಿಕೊಂಡು ಹೋಗುತ್ತದೆ.

ಸ್ಕ್ರೀನ್‌ಶಾಟ್‌ಗಳ ಬಗ್ಗೆ ಮಾತ್ರ ನಾವು ಬಿಗಿ. ಲೇಖನದ ಜೊತೆ ಕಳಿಸಿರುವ ಚಿತ್ರಗಳಲ್ಲಿ ವಿದ್ಯಾರ್ಥಿಗಳ ಹೆಸರು, ಕೆಲವೆಡೆ ಫೋನ್ ನಂಬರ್ ಕೂಡ ಕಾಣುತ್ತಿದೆ. ಅವನ್ನು ಬೇರೆ ಯಾರಿಗೂ ಕಳಿಸಬೇಡಿ. ನಮ್ಮ ಕಡೆ ಬಂದಿದ್ದನ್ನು ಅಳಿಸಿದ್ದೇವೆ. ಮಾತುಕತೆಯ ಸಾಲುಗಳು ಬೇಕೇ ಬೇಕು ಅನ್ನಿಸಿದರೆ, ಬರೆದವರನ್ನು ಕೇಳಿ, ಅವರು ಒಪ್ಪಿದರೆ ಹೆಸರು ತೆಗೆದು ಟೈಪ್ ಮಾಡಿ ಕೊಡಿ. ಆ ಹುಡುಗಿ ಬೇಡ ಅಂದರೆ ಆಕೆಯ ಪ್ರಸಂಗ ಬಿಟ್ಟು ಬೇರೆ ತಂಡದ್ದನ್ನು ಬರೆಯಿರಿ. ಈ ವಿಷಯದಲ್ಲಿ ‘ನಮ್ಮ ಹುಡುಗರೇ, ಏನೂ ಅಂದುಕೊಳ್ಳುವುದಿಲ್ಲ’ ಅನ್ನುವುದು ಬೇಡ.

ಹೊಸದಾಗಿ ಬರೆದರೆ ಆರು ಪುಟದೊಳಗೆ ಮುಗಿಯಬೇಕು. ವ್ಯಾಖ್ಯಾನ, ಕೋಷ್ಟಕ, ಸ್ಲೈಡ್‌ಗಳ ಪಟ್ಟಿ ಬೇಡ. ಎರಡು ಕೆಲಸಗಳನ್ನೂ ಮಾಡಿಸಿದ ಮೇಲೆಯೇ ಬರೆಯಿರಿ, ಮುಂದಿನ ಸೆಮಿಸ್ಟರ್‌ವರೆಗೆ ಕಾಯುವುದಕ್ಕೆ ನಮಗೆ ತೊಂದರೆ ಇಲ್ಲ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲ್ ನಮ್ಮಲ್ಲಿ ತೆರೆದಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿದ್ದವು. ಈ ಸಲ ಯುನಿಕೋಡ್‌ನಲ್ಲಿ ಕಳಿಸಿ, ಪತ್ರಿಕೆಯ ವಿಳಾಸಕ್ಕಲ್ಲ, ನೇರವಾಗಿ ನನಗೇ.

ವಿಶ್ವಾಸದಿಂದ,
ಸಂಪಾದಕ